ನೃಪತುಂಗ ರಸ್ತೆಗೆ ಮಹಾವೀರಾಚಾರ್ಯನ ಲೆಕ್ಕ ಬರಲಿ

ಮಾನ್ಯ ಸಂಪಾದಕರೇ,

ನಮ್ಮ ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಆ ನೃಪತುಂಗ ಯಾರು ಅಂತ ನನ್ನ ಒಂಬತ್ತನೇ ತರಗತಿ ಮಕ್ಕಳನ್ನು ಕೇಳಿದರೆ, ತಕ್ಷಣ 'ಕವಿರಾಜಮಾರ್ಗ' ಅನ್ನುತ್ತಾರೆ. ಸಂತೋಷವೇ. ಆದರೆ ಅವನ ಕಾಲದ ಗಣಿತಜ್ಞನ ಹೆಸರು ಕೇಳಿದರೆ ತರಗತಿಯೇ ಸುಮ್ಮನಾಗುತ್ತದೆ. ಗಣಿತ ಟೀಚರ್ ಆಗಿ ನನಗೆ ಇದು ನೋವಿನ ವಿಷಯ.

ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ 814ರ ಸುಮಾರಿಗೆ ಪಟ್ಟಕ್ಕೆ ಬಂದು 60 ವರ್ಷಕ್ಕೂ ಜಾಸ್ತಿ ಆಳಿದ. ರಾಜಧಾನಿ ಮಾನ್ಯಖೇಟ, ಅಂದರೆ ಈಗ ಕಲಬುರಗಿ ಜಿಲ್ಲೆಯಲ್ಲಿರುವ ಮಳಖೇಡ. ಕವಿ ಶ್ರೀವಿಜಯ, ಜಿನಸೇನಾಚಾರ್ಯ, ವ್ಯಾಕರಣ ಬರೆದ ಶಾಕಟಾಯನ ಎಲ್ಲರೂ ಅವನ ಆಶ್ರಯದಲ್ಲಿದ್ದವರು. 850ರ ಸುಮಾರಿಗೆ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಶುರುವಿನಲ್ಲೇ ನೃಪತುಂಗನನ್ನು ಹೊಗಳಿದ್ದಾನೆ. ಸಂಗೀತ, ನಾಟಕ, ಅಡುಗೆ, ವೈದ್ಯ, ಮನೆ ಕಟ್ಟುವ ಕೆಲಸ, ಎಲ್ಲಕ್ಕೂ ಗಣಿತ ಬೇಕು ಅಂದಿದ್ದಾನೆ. ಗಣಿತ ಯಾಕೆ ಕಲಿಯಬೇಕು ಅಂತ ಕೇಳುವ ಮಕ್ಕಳಿಗೆ ನಾನು ಹೇಳುವುದೂ ಇದನ್ನೇ.

ಅವನ ಒಂದು ಲೆಕ್ಕ ನೋಡಿ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಅಂತ ಆರು ರುಚಿ. ಒಂದೊಂದೇ, ಎರಡೆರಡು, ಮೂರು ಮೂರು, ಹೀಗೆ ಆರರವರೆಗೂ ಬೆರೆಸುತ್ತಾ ಹೋದರೆ ಒಟ್ಟು ಎಷ್ಟು ಬಗೆ? ಉತ್ತರ 63. ಕಾಲೇಜಿನಲ್ಲಿ ಕಾಂಬಿನೇಷನ್ ಅಂತ ಕಲಿಸುವುದು ಇದೇ ಅಲ್ವಾ? ಅದಕ್ಕೆ ಎಲ್ಲ ಸಂಖ್ಯೆಗೂ ಹೊಂದುವ ನಿಯಮವನ್ನೂ ಕೊಟ್ಟಿದ್ದಾನೆ. ಇನ್ನು ಗುಣಾಕಾರ: 139 × 109 = 15151. 152207 × 73 = 11111111. ಬಲದಿಂದ ಓದಿದರೂ ಎಡದಿಂದ ಓದಿದರೂ ಒಂದೇ. ಇಂಥ ಸಂಖ್ಯೆಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸುತ್ತಾನೆ. ಬೋರ್ಡ್ ಮೇಲೆ ಬರೆದು ಗುಣಿಸಿ ನೋಡಿ ಅಂದರೆ ಸಾಕು, ಹಿಂದಿನ ಬೆಂಚಿನವರೂ ಪೆನ್ಸಿಲ್ ಹಿಡಿಯುತ್ತಾರೆ.

ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂತಲೂ ಬರೆದಿದ್ದಾನೆ. ಅದು ತಪ್ಪು. ಅದನ್ನೂ ಮಕ್ಕಳಿಗೆ ಹೇಳೋಣ, ಯಾಕೆ ತಪ್ಪು ಅಂತ ಅವರೇ ಹುಡುಕಲಿ.

ಶಿಕ್ಷಣ ಇಲಾಖೆ ಪ್ರೌಢಶಾಲೆಯ ಗಣಿತ ಪುಸ್ತಕಗಳಲ್ಲಿ ಈ ಲೆಕ್ಕಗಳನ್ನು ಅವನ ಹೆಸರಿನೊಂದಿಗೆ ಅಭ್ಯಾಸಕ್ಕೆ ಕೊಡಲಿ. ಹಾಗೇ ಪಾಲಿಕೆಯವರಲ್ಲೂ ಒಂದು ವಿನಂತಿ. ನೃಪತುಂಗ ರಸ್ತೆಯ ಬಸ್ ತಂಗುದಾಣದಲ್ಲಿ ಆ ಆರು ರುಚಿಯ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ಉತ್ತರ ಮಾತ್ರ ಬೇಡ. ಬಸ್ ಬರುವವರೆಗೆ ಜನ ಲೆಕ್ಕ ಹಾಕಲಿ.

– ಪ್ರೌಢಶಾಲಾ ಗಣಿತ ಶಿಕ್ಷಕಿ, ಬಸವನಗುಡಿ, ಬೆಂಗಳೂರು