ಕಾಡಿನಲ್ಲಿ ಮಷಿನ್ ಗನ್ ಹೊರುವವರ ಕುರಿತು ರಕ್ಷಣಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ,

ಸವಿನಯ ನಮಸ್ಕಾರಗಳು. ಪದಾತಿ ದಳಕ್ಕೆ ಮಷಿನ್ ಗನ್ ಕೊಳ್ಳುವ ಪ್ರಸ್ತಾಪ ಬಂದಾಗಲೆಲ್ಲ ಚರ್ಚೆ ಅದರ ತೂಕ, ವ್ಯಾಪ್ತಿ ಮತ್ತು ಬೆಲೆಯಲ್ಲೇ ಮುಗಿದುಹೋಗುತ್ತದೆ. ಅದನ್ನು ಹೊರುವ ಗನ್ನರ್ ಮತ್ತು ಅವನ ಪಕ್ಕದಲ್ಲಿ ಮಲಗಿ ಗುಂಡಿನ ಬೆಲ್ಟ್ ಹಿಡಿಯುವ ಸಹಾಯಕ ಕಡತದಲ್ಲಿ ಕಾಣಿಸುವುದೇ ಇಲ್ಲ. ಕಾಡಿನ ಕಾರ್ಯಾಚರಣೆಗೆ ಹೋಗುವ ತುಕಡಿಗಳಲ್ಲಿ ಈ ಜೋಡಿಯನ್ನು ಒಡೆಯಬಾರದು, ಸಹಾಯಕನ ಸ್ಥಾನವನ್ನು ಖಾಲಿ ಬಿಡಬಾರದು ಎಂಬುದು ನನ್ನ ಕೋರಿಕೆ.

ಬಯಲಿನಲ್ಲಿ ಮಷಿನ್ ಗನ್ ನೂರಾರು ಮೀಟರ್ ದೂರದಿಂದಲೇ ಶತ್ರುವನ್ನು ತಡೆಯುತ್ತದೆ. ದಟ್ಟ ಕಾಡಿನಲ್ಲಾದರೋ ಎದುರಾಳಿ ಕಣ್ಣಿಗೆ ಬೀಳುವುದು ಹೆಚ್ಚಾಗಿ 20-30 ಮೀಟರ್ ಅಂತರದಲ್ಲಿ. ಎಷ್ಟೋ ಸಲ ಸದ್ದಷ್ಟೇ ಕೇಳುತ್ತದೆ, ಆಳು ಕಾಣುವುದಿಲ್ಲ. ಹೊಂಚುದಾಳಿಗೆ ಸಿಕ್ಕ ಗಸ್ತು ತುಕಡಿಯ ಉಳಿದವರು ಪಕ್ಕದಿಂದ ಸುತ್ತುವರಿಯಲು ಅಥವಾ ಗಾಯಾಳುವನ್ನು ಹಿಂದಕ್ಕೆಳೆಯಲು ಬೇಕಾದ ಕೆಲವು ಕ್ಷಣಗಳನ್ನು ಗಳಿಸಿಕೊಡಬೇಕಾದವನು ಗನ್ನರ್. ಗಾಬರಿಯಲ್ಲಿ ಸಂಗಡಿಗರ ರೈಫಲ್‌ಗಳ ಗುಂಡು ಶತ್ರುವಿನ ತಲೆಯ ಮೇಲೆ ಹಾರಿಹೋಗುವ ಹೊತ್ತಿನಲ್ಲಿ ಅವನು ನೆಲಕ್ಕಂಟಿ, ಪೊದೆಗಳ ಬುಡಕ್ಕೆ ಗುರಿಯಿಟ್ಟು ಹಾರಿಸಬೇಕು. ಆದರೆ ಅದೇ ಸದ್ದು, ಅದೇ ಬೆಂಕಿಯ ಮಿಂಚು ಅವನಿರುವ ಜಾಗವನ್ನು ಬಯಲು ಮಾಡುವುದರಿಂದ ಶತ್ರುವಿನ ಗುಂಡುಗಳೂ ಮೊದಲು ಅವನತ್ತಲೇ ತಿರುಗುತ್ತವೆ.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಹೊತ್ತ ಎಂ60 ಗನ್ನಿನ ತೂಕ ಸುಮಾರು 10.5 ಕಿಲೋ, 100 ಗುಂಡುಗಳ ಬೆಲ್ಟ್ ಒಂದಕ್ಕೆ ಸುಮಾರು 3 ಕಿಲೋ. ನಿಮಿಷಕ್ಕೆ ಸುಮಾರು 550 ಗುಂಡು ಹಾರಿಸುವ ಆ ಗನ್ನಿನ ಟ್ರಿಗರ್ ಒತ್ತಿಯೇ ಹಿಡಿದರೆ ಒಂದು ಬೆಲ್ಟ್ ಹತ್ತು ಹನ್ನೊಂದು ಸೆಕೆಂಡಿನಲ್ಲಿ ಬರಿದು. ಹಾಗಾಗಿ ಬೆಲ್ಟ್‌ಗಳನ್ನು ಇಡೀ ತುಕಡಿ ಹಂಚಿಕೊಂಡು ಹೊರಬೇಕಿತ್ತು. ಹೆಗಲಿಗೆ ಅಡ್ಡಲಾಗಿ ಇಳಿಬಿಟ್ಟ ಬೆಲ್ಟ್ ಛಾಯಾಚಿತ್ರಕ್ಕೇನೋ ಚೆಂದ, ಆದರೆ ಅದಕ್ಕೆ ಮೆತ್ತಿದ ಕೆಸರು ಮತ್ತು ಎಲೆಯ ಚೂರುಗಳು ಒಳಹೊಕ್ಕರೆ ಗನ್ ನಿಂತೇಬಿಡುತ್ತದೆ. ಬೆಲ್ಟ್ ತಿರುಚಿಕೊಳ್ಳದೆ ಒಳಸರಿಯಲೆಂದು ಸೈನಿಕರು ಆಹಾರದ ಖಾಲಿ ಡಬ್ಬಿಯೊಂದನ್ನು ಗನ್ನಿನ ಪಕ್ಕಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ವಿನ್ಯಾಸಕಾರರು ಮಾಡದೆ ಬಿಟ್ಟ ಕೆಲಸವದು. ಇನ್ನು ಬ್ಯಾರೆಲ್‌ಗೆ, ಅಂದರೆ ಗುಂಡು ಹೊರಬರುವ ನಳಿಕೆಗೆ, ಹಿಡಿಕೆಯೇ ಇರಲಿಲ್ಲ. ಕಾದ ಬ್ಯಾರೆಲ್ ಬದಲಿಸಲು ಕಲ್ನಾರಿನ ಕೈಗವಸು ಬೇಕಿತ್ತು, ಕತ್ತಲಲ್ಲಿ ಅದು ಕೈಗೆ ಸಿಗದಿದ್ದರೆ ಗತಿಯಿಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೇ ಬರ್ಮಾದ ಕಾಡುಗಳಲ್ಲಿ ಬಳಕೆಯಾದ ಬ್ರೆನ್ ಎಂಬ ಹಗುರ ಮಷಿನ್ ಗನ್ನಿನ ಬ್ಯಾರೆಲ್‌ಗೆ ಹಿಡಿಕೆಯಿತ್ತೆಂಬುದನ್ನು ಖರೀದಿ ಸಮಿತಿಗಳು ಗಮನಿಸಬೇಕು.

ಬೆಲ್ಟ್ ಜೋಡಿಸುವುದು, ಬ್ಯಾರೆಲ್ ಬದಲಿಸುವುದು, ಉಳಿದ ಗುಂಡಿನ ಲೆಕ್ಕವಿಡುವುದು, ಗನ್ನರ್ ಬಿದ್ದರೆ ತಾನೇ ಗನ್ ಹಿಡಿಯುವುದು, ಇವೆಲ್ಲ ಸಹಾಯಕನ ಹೊಣೆ. ಆಳು ಸಾಲದೆಂದು ಆ ಸ್ಥಾನಕ್ಕೆ ಯಾರನ್ನೋ ಕಡೇ ಗಳಿಗೆಯಲ್ಲಿ ನಿಲ್ಲಿಸಿದರೆ ಅತ್ಯುತ್ತಮ ಗನ್ ಕೂಡ ಅರ್ಧ ಗನ್.

ಕಿವಿಯ ವಿಷಯವನ್ನೂ ಹೇಳಲೇಬೇಕು. ಮಷಿನ್ ಗನ್ನಿನ ಸದ್ದು ಗನ್ನರ್‌ನ ಕಿವಿಯ ಬಳಿ 140 ಡೆಸಿಬಲ್ ಮೀರುತ್ತದೆ. ಕಾಡಿನಲ್ಲಿ ಕಡ್ಡಿ ಮುರಿದ ಸದ್ದಿಗೂ ಕಿವಿಗೊಡಬೇಕಾದವನು ಮಾಮೂಲಿ ಇಯರ್ ಪ್ಲಗ್ ತೊಡಲು ಒಪ್ಪುವುದಿಲ್ಲ, ಅದು ಸಹಜವೇ. ಸಣ್ಣ ಸದ್ದನ್ನು ಬಿಟ್ಟು ದೊಡ್ಡ ಸದ್ದನ್ನಷ್ಟೇ ತಡೆಯುವ ಸಾಧನಗಳು ಈಗ ದೊರೆಯುತ್ತವೆ.

ಆದ್ದರಿಂದ ಮುಂದಿನ ಖರೀದಿ ಪ್ರಸ್ತಾಪಕ್ಕೆ ಸಹಿ ಹಾಕುವ ಮುನ್ನ, ಹೆಚ್ಚುವರಿ ಬ್ಯಾರೆಲ್, ಕಿವಿಯ ರಕ್ಷಣೆ ಮತ್ತು ಇಬ್ಬರೂ ಒಟ್ಟಿಗೆ ಕತ್ತಲಲ್ಲಿ ನಡೆಸುವ ಅಭ್ಯಾಸಕ್ಕೆ ಬೇಕಾದ ಮದ್ದುಗುಂಡಿನ ವೆಚ್ಚವನ್ನು ಅದೇ ಕಡತದಲ್ಲಿ ಸೇರಿಸುವಂತೆ ಸೂಚಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಾಗರಿಕ