ಜಲಪಾತ ಹತ್ತುವ ಮೀನು

ಹಿಲೋ, ಹವಾಯಿ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಪ್ಪನ ಮಂಡಿ ನೋವು ಈಗ ಹೇಗಿದೆ? ಮೊನ್ನೆ ಫೋನಿನಲ್ಲಿ ಜಲಪಾತದ ಸುದ್ದಿ ಅರ್ಧಕ್ಕೇ ನಿಂತಿತ್ತು. ಉಳಿದದ್ದು ಈಗ ಬರೆಯುತ್ತಿದ್ದೇನೆ.

ಅಕಾಕಾ ಜಲಪಾತ 442 ಅಡಿ ಎತ್ತರ ಇದೆ. ಹಸಿರು ಕಮರಿಯೊಳಗೆ ನೀರು ಒಂದೇ ಧಾರೆಯಾಗಿ ನೇರ ಕೆಳಗೆ ಬೀಳುತ್ತದೆ. ನೋಡಲು ಬೆಟ್ಟ ಹತ್ತಬೇಕಾಗಿಲ್ಲ. ಬಿದಿರು, ಜರಿಗಿಡಗಳ ನಡುವೆ ಸಿಮೆಂಟಿನ ಕಾಲುದಾರಿ, ಮೆಟ್ಟಿಲು ಎಲ್ಲಾ ಇದೆ. ನೀನು ಆರಾಮಾಗಿ ನಡೆಯುತ್ತೀಯ. ಅಪ್ಪನಿಗೆ ಮಾತ್ರ ಮೆಟ್ಟಿಲು ಸ್ವಲ್ಪ ಕಷ್ಟ.

ಆದರೆ ನಿನಗೆ ಹೇಳಲೇಬೇಕು ಅನ್ನಿಸಿದ್ದು ಒಂದು ಮೀನಿನ ವಿಷಯ. ಹವಾಯಿ ಬಿಟ್ಟರೆ ಬೇರೆಲ್ಲೂ ಇಲ್ಲದ ಮೀನು ಅದು. ಬೆಳೆದಾಗ ನಡುಬೆರಳಿನಷ್ಟು ಉದ್ದ, ಅಷ್ಟೇ. ಜಲಪಾತದ ಮೇಲಿನ ಹೊಳೆಯಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿಗಳು ನೀರಿನ ಜೊತೆ ಕೆಳಗೆ ಬಿದ್ದು, ಕೊಚ್ಚಿಕೊಂಡು ಹೋಗಿ ಸಮುದ್ರ ಸೇರುತ್ತವೆ. ಕೆಲವು ತಿಂಗಳು ಉಪ್ಪುನೀರಿನಲ್ಲಿ ಬೆಳೆದು ಮತ್ತೆ ಹೊಳೆಗೆ ಬರುತ್ತವೆ. ಆಮೇಲೆ ಹತ್ತಲು ಶುರು ಮಾಡುತ್ತವೆ ಅಮ್ಮ, ಇದೇ ಜಲಪಾತವನ್ನು! ಆಗ ಅವು ಒಂದು ಇಂಚೂ ಇರುವುದಿಲ್ಲ. ಹೊಟ್ಟೆಯ ಕೆಳಗಿನ ಎರಡು ಈಜುರೆಕ್ಕೆಗಳು ಕೂಡಿಕೊಂಡು ಬಂಡೆಗೆ ಅಂಟುವ ಹಾಗಾಗಿವೆ. ಮೈ ಬಳುಕಿಸಿ ಒಂದಿಷ್ಟು ಮೇಲೇರುತ್ತವೆ, ಅಂಟಿಕೊಂಡು ಸುಧಾರಿಸಿಕೊಳ್ಳುತ್ತವೆ, ಮತ್ತೆ ಏರುತ್ತವೆ. ಅವುಗಳನ್ನು ತಿನ್ನುವ ಮೀನುಗಳಿಗೆ ಹೀಗೆ ಹತ್ತಲು ಬರುವುದಿಲ್ಲ. ಹಾಗಾಗಿ ಮೇಲೆ ತಲುಪಿದವಕ್ಕೆ ಆ ಭಯ ಇಲ್ಲ. ನಾವು ನಿಲ್ಲುವ ಜಾಗದಿಂದ ಅಷ್ಟು ಸಣ್ಣ ಜೀವ ಕಾಣುವುದಿಲ್ಲ. ಆದರೂ ಒದ್ದೆ ಬಂಡೆಯನ್ನೇ ನೋಡುತ್ತಾ ತುಂಬಾ ಹೊತ್ತು ನಿಂತಿದ್ದೆ. ಕಣ್ಣಲ್ಲಿ ನೀರು ಬಂತು.

ಹಿಲೋ ಊರಿನಲ್ಲೇ ಇನ್ನೊಂದಿದೆ, ರೇನ್‌ಬೋ ಫಾಲ್ಸ್. ಎತ್ತರ 80 ಅಡಿ. ಬೆಳಗ್ಗೆ ಬಿಸಿಲಿದ್ದರೆ ತುಂತುರಿನಲ್ಲಿ ಕಾಮನಬಿಲ್ಲು ಮೂಡುತ್ತದೆ. ಸೂರ್ಯ ನಮ್ಮ ಬೆನ್ನ ಹಿಂದೆ ಇರಬೇಕು, ಅದಕ್ಕೇ ಬೆಳಗ್ಗೆ ಹೋಗಬೇಕು. ನೀರಿನ ಹಿಂದೆ ದೊಡ್ಡ ಗುಹೆ. ಅಲ್ಲಿ ಹೀನಾ ಅನ್ನುವ ದೇವತೆ ಇದ್ದಳಂತೆ. ಕುನಾ ಅನ್ನುವ ದೈತ್ಯ ಹಲ್ಲಿ ಅವಳನ್ನು ಮುಳುಗಿಸಲು ಹೊಳೆಗೆ ಬಂಡೆ ಅಡ್ಡ ಹಾಕಿತಂತೆ. ಮಗ ಮಾವಿ ದೋಣಿಯಲ್ಲಿ ಧಾವಿಸಿ ಬಂದು, ಬಂಡೆ ಸೀಳಿ ತಾಯಿಯನ್ನು ಉಳಿಸಿದನಂತೆ. ನಿನಗೆ ಇಂಥ ಕಥೆ ಇಷ್ಟ ಅಲ್ವಾ?

ಮಳೆ ಮಾತ್ರ ಜಾಸ್ತಿ. ಸಮುದ್ರದ ಗಾಳಿ ಈಶಾನ್ಯದಿಂದ ಬಂದು ಮೌನಾ ಕೇಯಾ ಪರ್ವತಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗಿ ಈ ಕಡೆಯೇ ಸುರಿಸಿಬಿಡುತ್ತದೆ. ಹಿಲೋದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಪರ್ವತದ ಆಚೆ ಕೋನಾ ಕಡೆ ಒಣ ನೆಲ. ಒಂದೇ ದ್ವೀಪ, ನೋಡು!

ನೀನು ಕೇಳುವ ಮೊದಲೇ ಹೇಳುತ್ತೇನೆ, ನಾನು ನೀರಿಗೆ ಇಳಿಯುವುದಿಲ್ಲ. ಇಲ್ಲಿ ಬಿಸಿಲಿದ್ದರೂ ಮೇಲೆ ಬೆಟ್ಟದಲ್ಲಿ ಮಳೆಯಾದರೆ ಹೊಳೆ ದಿಢೀರನೆ ಏರುತ್ತದೆ. ಹೊಳೆ ನೀರಿನಿಂದ ಇಲಿಜ್ವರವೂ ಬರಬಹುದು. ನಿಶ್ಚಿಂತೆಯಿಂದಿರು.

ಫೋಟೋಗಳನ್ನು ಪುಟ್ಟಿಯ ಫೋನಿಗೆ ಕಳಿಸಿದ್ದೇನೆ. ಮೀನಿನ ವಿಷಯ ಅಪ್ಪನಿಗೆ ನೀನೇ ಓದಿ ಹೇಳು. ಅವರು ಏನಂದರು ಅಂತ ಮರೆಯದೆ ಬರೆ.

ನಿನ್ನ ಪ್ರೀತಿಯ ಮಗಳು