ಏಕಸ್ವಾಮ್ಯವನ್ನು ಗಾತ್ರದಿಂದ ಅಳೆಯಬೇಡಿ: ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರಗಳು. ಕಾರ್ಪೊರೇಟ್ ವ್ಯವಹಾರಗಳ ಖಾತೆ ತಮ್ಮಲ್ಲಿದೆ. ತಾವು ರಾಜ್ಯಸಭೆಗೆ ಆಯ್ಕೆಯಾಗಿರುವುದು ಕರ್ನಾಟಕದಿಂದ. ಈ ಎರಡೂ ಕಾರಣಕ್ಕೆ, ದೊಡ್ಡ ಡಿಜಿಟಲ್ ಕಂಪನಿಗಳಿಗೆ ಮೊದಲೇ ನಿಯಮ ಹಾಕಲು ಹೊರಟಿರುವ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡಿನ ಬಗ್ಗೆ ತಮಗೇ, ಕನ್ನಡದಲ್ಲೇ ಬರೆಯುತ್ತಿದ್ದೇವೆ. ನಾವು ಸಾಫ್ಟ್‌ವೇರ್ ಬರೆಯುವವರು, ಸರ್ವರ್ ನೋಡಿಕೊಳ್ಳುವವರು. ನಮ್ಮ ಕೋರಿಕೆ ಇಷ್ಟು: ಕಂಪ್ಯೂಟರ್ ಉದ್ಯಮದಲ್ಲಿ ಯಾವುದು ಏಕಸ್ವಾಮ್ಯ ಎಂದು ತೀರ್ಮಾನಿಸುವಾಗ, ಕಂಪನಿ ಎಷ್ಟು ದೊಡ್ಡದು ಎಂಬುದಕ್ಕಿಂತ ಮೊದಲು, ಅದನ್ನು ಬಿಟ್ಟು ಹೊರಬರಲು ಬಳಸುವವರಿಗೆ ಮತ್ತು ಅದರ ಮೇಲೆ ಪ್ರೋಗ್ರಾಂ ಬರೆಯುವವರಿಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಕಾನೂನು ಕೇಳಬೇಕು.

2024ರ ಮಾರ್ಚ್‌ನಲ್ಲಿ ಹೊರಬಂದ ಕರಡು, ಈ ನಿಯಮಗಳಿಗೆ ಒಳಪಡುವ ಕಂಪನಿಗಳನ್ನು ಹೆಸರಿಸಲು, ಮೊದಲು ಎಣಿಸುವುದು ಗಾತ್ರವನ್ನು. ಭಾರತದಲ್ಲಿ ₹4,000 ಕೋಟಿ ವಹಿವಾಟು, ಅಥವಾ ಜಗತ್ತಿನಾದ್ಯಂತ 3,000 ಕೋಟಿ ಡಾಲರ್ ವಹಿವಾಟು, ಅಥವಾ ಇಲ್ಲಿ ₹16,000 ಕೋಟಿ ಮೌಲ್ಯದ ಸರಕು ಮಾರಾಟ, ಅಥವಾ 7,500 ಕೋಟಿ ಡಾಲರ್ ಷೇರು ಮೌಲ್ಯ. ಇವುಗಳಲ್ಲಿ ಒಂದರ ಜೊತೆಗೆ 1 ಕೋಟಿ ಬಳಕೆದಾರರು ಅಥವಾ 10,000 ವ್ಯಾಪಾರಿ ಬಳಕೆದಾರರು ಇರಬೇಕು, ಅದೂ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಪ್ರತಿ ವರ್ಷವೂ. ಈ ಗಡಿ ಮುಟ್ಟದ ಕಂಪನಿಯನ್ನೂ ಬಳಕೆದಾರರ ಅವಲಂಬನೆ, ಬದಲಾಯಿಸುವ ವೆಚ್ಚ ಮುಂತಾದವನ್ನು ನೋಡಿ ಹೆಸರಿಸುವ ಅಧಿಕಾರ ಸ್ಪರ್ಧಾ ಆಯೋಗಕ್ಕಿದೆ. ಆದರೆ ಕರಡಿನಲ್ಲಿ ಅದು ಎರಡನೆಯ ದಾರಿ. ಅದೇ ಮೊದಲನೆಯದಾಗಬೇಕು.

ಅಂಕಿಯ ಗಡಿ ಯಾಕೆ ಬೇಕೆನಿಸಿತು ಎಂಬುದು ನಮಗೂ ಗೊತ್ತು. ಅಮೆರಿಕ ಸರ್ಕಾರ ಕಂಪ್ಯೂಟರ್ ಕಂಪನಿ ಐಬಿಎಂನ ಏಕಸ್ವಾಮ್ಯದ ವಿರುದ್ಧ 1969ರ ಜನವರಿಯಲ್ಲಿ ಹೂಡಿದ ಮೊಕದ್ದಮೆಯನ್ನು 1982ರ ಜನವರಿಯಲ್ಲಿ ತಾನೇ ಕೈಬಿಟ್ಟಿತು. ಆ 13 ವರ್ಷಗಳಲ್ಲಿ ಮಾರುಕಟ್ಟೆಯೇ ಬದಲಾಗಿ ಮಿನಿಕಂಪ್ಯೂಟರ್ ಬೆಳೆದಿತ್ತು, ಪರ್ಸನಲ್ ಕಂಪ್ಯೂಟರ್ ಬಂದಿತ್ತು. ವಿಳಂಬ ತಪ್ಪಿಸಲು ಅಂಕಿ ಒಳ್ಳೆಯ ಸಾಧನ. ಅದು ಎಚ್ಚರಿಕೆಯ ಗಂಟೆಯಾಗಿರಲಿ, ತೀರ್ಪಾಗುವುದು ಬೇಡ. ನಮ್ಮದೇ 2002ರ ಸ್ಪರ್ಧಾ ಕಾಯ್ದೆ ಈ ವಿಷಯದಲ್ಲಿ ಜಾಣತನದಿಂದ ನಡೆದುಕೊಂಡಿದೆ. ಅದರ 4ನೇ ಸೆಕ್ಷನ್ ಪ್ರಾಬಲ್ಯವನ್ನು ತಪ್ಪೆನ್ನುವುದಿಲ್ಲ, ಪ್ರಾಬಲ್ಯದ ದುರುಪಯೋಗವನ್ನು ತಪ್ಪೆನ್ನುತ್ತದೆ. ಪ್ರಾಬಲ್ಯಕ್ಕೆ ಶೇಕಡಾವಾರು ಗಡಿಯನ್ನೂ ಅದು ಹಾಕಿಲ್ಲ. 19(4)ರಲ್ಲಿ ಪಟ್ಟಿ ಮಾಡಿದ ಅಂಶಗಳಲ್ಲಿ ಮಾರುಕಟ್ಟೆಯ ಪಾಲು ಒಂದು ಮಾತ್ರ. ಗ್ರಾಹಕರ ಅವಲಂಬನೆ, ಹೊಸಬರಿಗೆ ಇರುವ ಅಡೆತಡೆ ಕೂಡ ಅಲ್ಲೇ ಇವೆ.

ಪಾಲು ಎಂದೊಡನೆ ‘ಯಾವುದರಲ್ಲಿ ಪಾಲು?’ ಎಂಬ ಪ್ರಶ್ನೆ ಬರುತ್ತದೆ. ಮೊಕದ್ದಮೆಗಳು ಗೆಲ್ಲುವುದು, ಸೋಲುವುದು ಇಲ್ಲಿಯೇ. 1998ರಲ್ಲಿ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಮಾರುಕಟ್ಟೆಯನ್ನು ಇಂಟೆಲ್ ಮಾದರಿಯ ಪ್ರೊಸೆಸರ್ ಇರುವ ಪಿಸಿಗಳ ಆಪರೇಟಿಂಗ್ ಸಿಸ್ಟಂಗೆ ಸೀಮಿತಗೊಳಿಸಿದರು. ಆ್ಯಪಲ್ ಮ್ಯಾಕ್ ಹೊರಗುಳಿಯಿತು. ಕಾರಣ ಸರಳ: ವಿಂಡೋಸ್ ಸ್ವಲ್ಪ ತುಟ್ಟಿಯಾದ ಮಾತ್ರಕ್ಕೆ ಯಾರೂ ಮ್ಯಾಕ್‌ಗೆ ಹೋಗುವುದಿಲ್ಲ. ಹೋಗಬೇಕಾದರೆ ಹೊಸ ಯಂತ್ರ ಕೊಳ್ಳಬೇಕು, ಸಾಫ್ಟ್‌ವೇರ್ ಮತ್ತೆ ಕೊಳ್ಳಬೇಕು, ಕೆಲಸ ಮತ್ತೆ ಕಲಿಯಬೇಕು. ಅಂದರೆ ಹೊರಬರುವ ವೆಚ್ಚವೇ ಮಾರುಕಟ್ಟೆಯ ಗಡಿಯನ್ನು ಗೆರೆ ಎಳೆದು ತೋರಿಸಿತು. ಆ ಗಡಿಯೊಳಗೆ ವಿಂಡೋಸ್ ಪಾಲು ಶೇ 95ರಷ್ಟಿತ್ತು.

ಅದೇ ತೀರ್ಪಿನ ಇನ್ನೊಂದು ಭಾಗವನ್ನು ತಮ್ಮ ಅಧಿಕಾರಿಗಳು ಓದಲೇಬೇಕು. ಆಗ ವಿಂಡೋಸ್ ಮೇಲೆ ಓಡುತ್ತಿದ್ದ ಅಪ್ಲಿಕೇಶನ್‌ಗಳು 70,000ಕ್ಕೂ ಹೆಚ್ಚು. ಐಬಿಎಂ ತನ್ನ ಓಎಸ್/2 ವಾರ್ಪ್ ಎಂಬ ಆಪರೇಟಿಂಗ್ ಸಿಸ್ಟಂಗೆ ಎಷ್ಟೇ ಹಣ ಸುರಿದರೂ ಅದರ ಉತ್ತುಂಗದಲ್ಲಿ ಸಿಕ್ಕಿದ್ದು ಸುಮಾರು 2,500 ಅಪ್ಲಿಕೇಶನ್, ಶೇ 10ರ ಪಾಲು. ಜನ ಇಲ್ಲದ ಕಡೆಗೆ ಪ್ರೋಗ್ರಾಂ ಬರೆಯುವವರು ಬರುವುದಿಲ್ಲ, ಪ್ರೋಗ್ರಾಂ ಇಲ್ಲದ ಕಡೆಗೆ ಜನ ಬರುವುದಿಲ್ಲ. ಐಬಿಎಂನಂಥ ದೈತ್ಯನೇ ಈ ಗೋಡೆ ಹತ್ತಲಾಗಲಿಲ್ಲ ಎಂದಮೇಲೆ ಗಾತ್ರವೊಂದರಿಂದಲೇ ಏಕಸ್ವಾಮ್ಯ ಹುಟ್ಟುತ್ತದೆ ಎನ್ನುವುದು ಹೇಗೆ? ಒಪ್ಪಂದಗಳೂ ಗೋಡೆ ಕಟ್ಟುತ್ತವೆ. 1994ರ ರಾಜಿಯವರೆಗೆ ಮೈಕ್ರೋಸಾಫ್ಟ್‌ನ ‘ಪ್ರತಿ ಪ್ರೊಸೆಸರ್’ ಲೈಸೆನ್ಸ್ ಇತ್ತು. ತಯಾರಕರು ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿ ಯಂತ್ರ ಮಾರಿದರೂ ಮೈಕ್ರೋಸಾಫ್ಟ್‌ಗೆ ಹಣ ಕಟ್ಟಬೇಕಿತ್ತು. ಪ್ರತಿಸ್ಪರ್ಧಿಯ ಸರಕು ಬಿಟ್ಟಿ ಸಿಕ್ಕರೂ ಒಂದೇ ಯಂತ್ರಕ್ಕೆ ಎರಡು ಸಲ ತೆತ್ತ ಹಾಗೆ.

ಆಂಡ್ರಾಯ್ಡ್‌ನಲ್ಲಿ ಇದೇ ಗೋಡೆ ಬೇರೆ ರೂಪದಲ್ಲಿದೆ. 2022ರ ಅಕ್ಟೋಬರ್ 20ರಂದು ಸ್ಪರ್ಧಾ ಆಯೋಗ ಗೂಗಲ್‌ಗೆ ₹1,337.76 ಕೋಟಿ ದಂಡ ಹಾಕಿದ ಆದೇಶ ನಮ್ಮ ದೃಷ್ಟಿಯಲ್ಲಿ ಗಟ್ಟಿ ಕೆಲಸ. ಮೊದಲು ಅದು ಮಾರುಕಟ್ಟೆಗಳನ್ನು ಬಿಡಿಸಿಟ್ಟಿತು: ಲೈಸೆನ್ಸ್ ಮೇಲೆ ಕೊಡುವ ಮೊಬೈಲ್ ಆಪರೇಟಿಂಗ್ ಸಿಸ್ಟಂ, ಆಂಡ್ರಾಯ್ಡ್ ಆ್ಯಪ್ ಸ್ಟೋರ್, ಸರ್ಚ್, ಬ್ರೌಸರ್, ವಿಡಿಯೊ. ಐಫೋನಿನ ಐಓಎಸ್ ಅನ್ನು ಆ್ಯಪಲ್ ಬೇರೆ ತಯಾರಕರಿಗೆ ಕೊಡುವುದಿಲ್ಲವಾದ್ದರಿಂದ ಫೋನ್ ತಯಾರಕರಿಗೆ ಅದು ಆಯ್ಕೆಯೇ ಅಲ್ಲ. ಮೊದಲ ಮಾರುಕಟ್ಟೆಯಲ್ಲಿ ಅದು ಸೇರಲಿಲ್ಲ. ಆಮೇಲೆ ಒಪ್ಪಂದಗಳ ಸರಪಳಿ ಬಂತು. ಪ್ಲೇ ಸ್ಟೋರ್ ಬೇಕೆಂದರೆ ಗೂಗಲ್‌ನ ಇಡೀ ಆ್ಯಪ್ ಕಟ್ಟು ತೆಗೆದುಕೊಳ್ಳಬೇಕಿತ್ತು, ಸರ್ಚ್ ಪಟ್ಟಿ ಮುಖಪುಟದಲ್ಲಿರಬೇಕಿತ್ತು. ಆ ಒಪ್ಪಂದ ಸಿಗಬೇಕೆಂದರೆ ಇನ್ನೊಂದಕ್ಕೆ ಸಹಿ ಹಾಕಬೇಕಿತ್ತು: ಆಂಡ್ರಾಯ್ಡ್‌ನ ಮಾರ್ಪಡಿಸಿದ ಆವೃತ್ತಿ ಇರುವ ಸಾಧನವನ್ನು, ಒಂದೇ ಒಂದು ಮಾದರಿಯನ್ನೂ, ಮಾರಕೂಡದು. 2012ರ ಸೆಪ್ಟೆಂಬರ್‌ನಲ್ಲಿ ಏಸರ್ ಕಂಪನಿ ಅಲಿಬಾಬಾದ ಅಲಿಯುನ್ ಓಎಸ್ ಇರುವ ಫೋನಿನ ಬಿಡುಗಡೆಯನ್ನು ಕೊನೆ ಗಳಿಗೆಯಲ್ಲಿ ರದ್ದು ಮಾಡಿದ್ದು ಇಂಥ ಬಿಗಿಯಿಂದಲೇ.

ಆಂಡ್ರಾಯ್ಡ್ ಮುಕ್ತ ತಂತ್ರಾಂಶವಲ್ಲವೇ ಎಂದು ತಮ್ಮೆದುರು ವಾದ ಬರುತ್ತದೆ. ಅದರ ತಿರುಳು ಮುಕ್ತವೇ, ಯಾರು ಬೇಕಾದರೂ ಇಳಿಸಿಕೊಂಡು ಬದಲಿಸಬಹುದು. ಆದರೆ ಸರ್ವರ್‌ನಿಂದ ಬರುವ ನೋಟಿಫಿಕೇಶನ್, ಗೂಗಲ್‌ನ ನಕ್ಷೆ, ಗೂಗಲ್‌ನ ಸ್ಥಳ ಗುರುತು ಸೇವೆ ಇವೆಲ್ಲ ಆ ತಿರುಳಿನಲ್ಲಿಲ್ಲ. ಗೂಗಲ್ ತನ್ನಲ್ಲೇ ಇಟ್ಟುಕೊಂಡಿರುವ ಪ್ಲೇ ಸರ್ವಿಸಸ್‌ನಲ್ಲಿವೆ. ಅದನ್ನು ನಂಬಿ ಬರೆದ ಆ್ಯಪ್ ಮಾರ್ಪಡಿಸಿದ ಆಂಡ್ರಾಯ್ಡ್‌ನಲ್ಲಿ ಇನ್‌ಸ್ಟಾಲ್ ಆದರೂ ಸಂದೇಶ ಬರುವುದಿಲ್ಲ, ನಕ್ಷೆ ಖಾಲಿ ಕಾಣುತ್ತದೆ. ಎಪ್ಪತ್ತು ಸಾವಿರ ಅಪ್ಲಿಕೇಶನ್‌ಗಳ ಹಳೆಯ ಗೋಡೆ ಇಂದು ಇರುವುದು ಇಲ್ಲಿ. ಪ್ಲೇ ಸರ್ವಿಸಸ್‌ನ ಎಪಿಐಗಳನ್ನು, ಅಂದರೆ ಆ್ಯಪ್‌ಗಳು ಈ ಸೇವೆಗಳನ್ನು ಬಳಸುವ ಕೊಂಡಿಗಳನ್ನು, ಪ್ರತಿಸ್ಪರ್ಧಿಗಳಿಗೆ ನಿರಾಕರಿಸಬಾರದು ಎಂದು ಆಯೋಗ ಹೇಳಿತ್ತು. 2023ರ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ನಾಲ್ಕು ನಿರ್ದೇಶನಗಳನ್ನು ರದ್ದು ಮಾಡಿತು. ರದ್ದಾದವುಗಳಲ್ಲಿ ಇದೂ ಒಂದು. ದಂಡದ ಮೊತ್ತ ಪತ್ರಿಕೆಗಳ ತಲೆಬರಹವಾಯಿತು. ನಮ್ಮಂಥವರಿಗೆ ಆ ಮೊತ್ತಕ್ಕಿಂತ ಈ ಒಂದು ನಿರ್ದೇಶನ ಹೆಚ್ಚು ಬೆಲೆಯದ್ದು. ಹೊಸ ಕಾನೂನಿನಲ್ಲಿ ಅದನ್ನು ಸ್ಪಷ್ಟ ಮಾತುಗಳಲ್ಲಿ ಮರಳಿ ತನ್ನಿ.

ಬೆಲೆಯ ಬಗ್ಗೆಯೂ ಒಂದು ಮಾತು. ಮಾರುಕಟ್ಟೆಯ ಗಡಿ ಹುಡುಕಲು ಅರ್ಥಶಾಸ್ತ್ರಜ್ಞರು ಸಾಮಾನ್ಯವಾಗಿ, ಬೆಲೆ ಶೇ 5ರಿಂದ 10ರಷ್ಟು ಏರಿದರೆ ಗ್ರಾಹಕರು ಬೇರೆಡೆ ಹೋಗುತ್ತಾರೆಯೇ ಎಂದು ಕೇಳುತ್ತಾರೆ. ಸೊನ್ನೆಯ ಶೇ 10 ಸೊನ್ನೆಯೇ ಆದ್ದರಿಂದ ಬಿಟ್ಟಿ ಸೇವೆಗಳಲ್ಲಿ ಈ ಪರೀಕ್ಷೆ ಕೆಲಸ ಮಾಡುವುದಿಲ್ಲ. ಅಲ್ಲಿ ಕೇಳಬೇಕಾದದ್ದು, ಗುಣಮಟ್ಟ ಅಥವಾ ಖಾಸಗಿತನ ಕುಸಿದರೂ ಜನ ಉಳಿಯುತ್ತಾರೆಯೇ ಎಂದು. ವಾಟ್ಸ್‌ಆ್ಯಪ್‌ನ 2021ರ ‘ಒಪ್ಪಿಕೋ, ಇಲ್ಲವೇ ಬಿಡು’ ಎಂಬ ಖಾಸಗಿತನದ ನೀತಿಗಾಗಿ 2024ರ ನವೆಂಬರ್‌ನಲ್ಲಿ ಅದರ ಒಡೆಯ ಮೆಟಾಗೆ ₹213.14 ಕೋಟಿ ದಂಡ ಹಾಕಿದಾಗ ಆಯೋಗ ಈ ಹಾದಿಯಲ್ಲೇ ಯೋಚಿಸಿತು. ಇದನ್ನು ಕಾನೂನಿನ ಪಠ್ಯದಲ್ಲೇ ಬರೆಯಬಹುದು.

ಸಿಕ್ಕಿಹಾಕಿಕೊಳ್ಳುವುದು ಎಂದರೇನು ಎಂದು ಕನ್ನಡದ ಕಚೇರಿಗಳಿಗೆ ವಿವರಿಸಬೇಕಿಲ್ಲ. ಯುನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಹುಡುಕಿದರೆ ಸಿಗುವುದಿಲ್ಲ. ಪರಿವರ್ತಕಕ್ಕೆ ಹಾಕಿದರೆ ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ಕೆಡುತ್ತವೆ, ಆಮೇಲೆ ಯಾರಾದರೂ ಕೂತು ತಿದ್ದಬೇಕು. ಇಲ್ಲಿ ಯಾವ ದೈತ್ಯ ಕಂಪನಿಯೂ ಇರಲಿಲ್ಲ. ಕಟ್ಟಿಹಾಕಿದ್ದು ಕಡತದ ಸ್ವರೂಪ.

ಬೇರೆಯವರ ಸರ್ವರ್‌ಗಳನ್ನು ಬಾಡಿಗೆಗೆ ಬಳಸುವ ಕ್ಲೌಡ್ ಸೇವೆ ಕರಡು ಪಟ್ಟಿ ಮಾಡಿದ ಒಂಬತ್ತು ಸೇವೆಗಳಲ್ಲಿ ಒಂದು. ಬೆಂಗಳೂರಿನ ನವೋದ್ಯಮಗಳಿಗೆ ಅತಿ ಹತ್ತಿರದ್ದು ಇದೇ. ಸಾಮಾನ್ಯವಾಗಿ ಮಾಹಿತಿಯನ್ನು ಒಳಗೆ ಹಾಕಲು ಶುಲ್ಕವಿಲ್ಲ, ಹೊರಗೆ ತೆಗೆಯಲು ಗಿಗಾಬೈಟ್‌ಗೆ ಇಷ್ಟು ಎಂದು ಶುಲ್ಕ. 100 ಟೆರಾಬೈಟ್ ಸಾಗಿಸಲು 1 ಗಿಗಾಬಿಟ್ ಸಂಪರ್ಕದಲ್ಲಿ, ಎಲ್ಲೂ ತಡೆಯಿಲ್ಲದೆ ಹರಿದರೂ, 9 ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಇಷ್ಟನ್ನೂ ನಿಭಾಯಿಸಬಹುದು. ಪೋಸ್ಟ್‌ಗ್ರೆಸ್ ಎಂಬ ಮುಕ್ತ ಡೇಟಾಬೇಸ್ ಆದರೆ ಪ್ರತಿ ತೆಗೆದು ಇನ್ನೊಂದು ಕಡೆ ಏರಿಸಿದರೆ ಮುಗಿಯಿತು. ಅಮೆಜಾನ್‌ನ ಡೈನಮೋಡಿಬಿ ಡೇಟಾಬೇಸ್‌ನಂಥ ಒಂದೇ ಕ್ಲೌಡ್‌ನ ಸೇವೆಯ ಮೇಲೆ ಕಟ್ಟಿದ್ದರೆ ಮಾಹಿತಿಯ ಜೊತೆಗೆ ಪ್ರೋಗ್ರಾಮನ್ನೂ ಮತ್ತೆ ಬರೆಯಬೇಕು. ನಿಜವಾದ ಖರ್ಚು ಅಲ್ಲಿದೆ. ಯುರೋಪಿನ ದತ್ತಾಂಶ ಕಾಯ್ದೆ 2027ರ ಜನವರಿ 12ರಿಂದ ಕ್ಲೌಡ್ ಬದಲಾಯಿಸುವ ಶುಲ್ಕವನ್ನೇ ನಿಷೇಧಿಸುತ್ತದೆ. ನಮ್ಮ ಕರಡಿನಲ್ಲೂ ಇಂಥ ನೇರ ನಿಯಮ ಬರಲಿ.

ಹಾಗಾಗಿ ಮಸೂದೆ ಸಂಸತ್ತಿಗೆ ಬರುವ ಮೊದಲು ಕೆಲವು ಬದಲಾವಣೆ ಮಾಡಿ. ಅಂಕಿಯ ಗಡಿ ದಾಟಿದ ಕಂಪನಿಯನ್ನು ಹೆಸರಿಸುವಾಗ ಯಾವ ಮಾರುಕಟ್ಟೆ, ಅದರಿಂದ ಹೊರಬರಲು ಎಷ್ಟು ಸಮಯ, ಎಷ್ಟು ಹಣ, ಏನೇನು ಮತ್ತೆ ಬರೆಯಬೇಕು ಎಂಬುದನ್ನು ಆಯೋಗ ಲಿಖಿತವಾಗಿ ಹೇಳಲಿ. ಮೂರು ವರ್ಷ ಕಾಯುವ ಷರತ್ತು ಬೇಡ; ಜನ ಇದ್ದ ಕಡೆಗೇ ಜನ ಸೇರುವ ಮಾರುಕಟ್ಟೆಗಳಲ್ಲಿ ಅಷ್ಟರೊಳಗೆ ಆಟ ಮುಗಿದಿರುತ್ತದೆ. ಮೊದಲೇ ಹಾಕಿಕೊಡುವ ಆ್ಯಪ್, ಡಿಫಾಲ್ಟ್ ಸ್ಥಾನಗಳ ಒಪ್ಪಂದಗಳನ್ನು ಸಹಿಯಾದ ಕೂಡಲೇ ಆಯೋಗಕ್ಕೆ ಸಲ್ಲಿಸುವುದು ಕಡ್ಡಾಯವಾಗಲಿ. ಫೋನ್, ಬ್ರೌಸರ್‌ಗಳಲ್ಲಿ ತನ್ನ ಸರ್ಚ್ ಮೊದಲೇ ಆಯ್ಕೆಯಾಗಿರುವ ಡಿಫಾಲ್ಟ್ ಸ್ಥಾನಕ್ಕಾಗಿ ಗೂಗಲ್ 2021ರಲ್ಲಿ 2,630 ಕೋಟಿ ಡಾಲರ್ ಕೊಟ್ಟಿತ್ತು ಎಂಬುದು ಹೊರಬಿದ್ದದ್ದು ಅಮೆರಿಕದ ನ್ಯಾಯಾಲಯದಲ್ಲಿ, ವರ್ಷಗಳ ನಂತರ.

ಪರಿಹಾರ ಕೊಟ್ಟ ಮೇಲೆ ಅದು ಕೆಲಸ ಮಾಡಿತೇ ಎಂದು ಅಳೆಯುವ ಹೊಣೆಯೂ ಆಯೋಗದ್ದಾಗಲಿ. 2004ರಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೊ ದಂಡ ಹಾಕಿ, ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸ್ ಮಾರಲು ಹೇಳಿತು. ಅದು ಅದೇ ಬೆಲೆಗೆ ಬಂತು, ಕಂಪ್ಯೂಟರ್ ತಯಾರಕರು ಮೂಸಿಯೂ ನೋಡಲಿಲ್ಲ. ಅದೇ ಆದೇಶದ ಇನ್ನೊಂದು ಭಾಗ, ಸರ್ವರ್‌ಗಳು ಮಾತಾಡಿಕೊಳ್ಳುವ ಪ್ರೊಟೊಕಾಲ್‌ಗಳ ವಿವರ ಕೊಡಬೇಕೆಂಬುದು, ಫಲ ಕೊಟ್ಟಿತು. 2007ರ ಡಿಸೆಂಬರ್‌ನಲ್ಲಿ ಸಾಂಬಾ ಎಂಬ ಮುಕ್ತ ತಂತ್ರಾಂಶದವರಿಗೆ ಒಮ್ಮೆ ಕಟ್ಟುವ 10,000 ಯೂರೊಗೆ ಆ ದಾಖಲೆಗಳು ಸಿಕ್ಕವು. ವಿಂಡೋಸ್ ಜಾಲದಲ್ಲಿ ಲಿನಕ್ಸ್ ಸರ್ವರ್ ಇಡುವುದು ಇದರಿಂದ ಹಗುರವಾಯಿತು. ಮುಂದಿನ ಕರಡಿನಲ್ಲಿ ಪರಿಹಾರಗಳ ಅಧ್ಯಾಯ ಬರೆಯುವವರು ಈ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬರೆಯಲಿ.

ಗೌರವಪೂರ್ವಕವಾಗಿ,
ಕರ್ನಾಟಕದ ಸಾಫ್ಟ್‌ವೇರ್ ಕೆಲಸಗಾರರು